ಕರೆಂಟ್ ಹೋಗಿ ಬರೋ ಊರಲ್ಲಿ ಗರಗಸದ ಮಿಷನ್ ಸ್ವಿಚ್ ಬದಲಾಯಿಸೋದು

ಟೇಬಲ್ ಗರಗಸದ ಸ್ವಿಚ್ ಕೈಕೊಟ್ರೆ ನಮ್ಮ ಕಡೆ ಶೆಡ್ಡುಗಳಲ್ಲಿ ಸಾಮಾನ್ಯ ಎಲ್ರೂ ಮಾಡೋದು ಒಂದೇ ಕೆಲಸ. ಮನೆ ವೈರಿಂಗ್ ಮಾಡ್ಸಿದಾಗ ಉಳಿದಿದ್ದ 16 ಆಂಪ್ ಸ್ವಿಚ್ ಒಂದನ್ನ ಹುಡುಕಿ ತಂದು, ಮರದ ಬಾಕ್ಸಿಗೆ ಕೂರ್ಸಿ, ಅದನ್ನ ಮಿಷನ್ ಕಾಲಿಗೆ ಸ್ಕ್ರೂ ಹೊಡೆದು, ಎರಡು ವೈರ್ ಕೊಟ್ಟು, ಆಯ್ತಲ್ಲ ಇನ್ನೆಂತ ಅಂತ ಹಲಗೆ ಕೊಯ್ಯಕ್ಕೆ ನಿಲ್ಲೋದು. ಮಿಷನ್ ಓಡ್ತದೆ, ಇಲ್ಲ ಅನ್ನಲ್ಲ. ಆದ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಕರೆಂಟಿನ ಹಣೆಬರಹ ಎಂತದು ಅಂತ ಎಲ್ರಿಗೂ ಗೊತ್ತು. ಅರ್ಧ ಹಲಗೆ ಕೊಯ್ದಿರ್ತೀರಿ, ಗಾಳಿಗೆ ಎಲ್ಲೋ ಲೈನ್ ಮೇಲೆ ಕೊಂಬೆ ಬೀಳ್ತದೆ, ಮಿಷನ್ ನಿಲ್ತದೆ, ಸ್ವಿಚ್ ಆನ್ ಆಗೇ ಇರ್ತದೆ. ನೀವು ಒಳಗೆ ಹೋಗಿ ಚಾ ಕುಡಿದು ಬಂದು, ಸಿಕ್ಕಂಡಿರೋ ಹಲಗೆ ಬಿಡಿಸ್ಕಳಕ್ಕೆ ಬ್ಲೇಡ್ ಹತ್ರ ಕೈ ಹಾಕಿದ್ದೀರಿ ಅಂತ ಇಟ್ಕಳಿ, ಅಷ್ಟೊತ್ತಿಗೆ ಸರಿಯಾಗಿ ಆ ಕಡೆ ಲೈನ್‌ಮ್ಯಾನ್ ಟೀಸಿ (ಟ್ರಾನ್ಸ್‌ಫಾರ್ಮರ್) ಫ್ಯೂಸ್ ಕಟ್ಟಿ ಲೈನ್ ಚಾರ್ಜ್ ಮಾಡಿರ್ತಾರೆ. ಮುಂದಿಂದು ಹೇಳದು ಬೇಡ.

ಅದಕ್ಕೇ ಗರಗಸಕ್ಕೆ ಹಾಕೋ ಸ್ವಿಚ್ಚು ಕರೆಂಟ್ ಹೋದ ಕೂಡ್ಲೇ ತಾನೇ ಆಫ್ ಆಗ್ಬೇಕು, ಕರೆಂಟ್ ವಾಪಸ್ ಬಂದ್ರೂ ನೀವು ಕೈಯಾರೆ ಹಸಿರು ಬಟನ್ ಒತ್ತೋ ತನಕ ಆನ್ ಆಗ್ಬಾರ್ದು. ಇಂಥದ್ದನ್ನ ನೋ ವೋಲ್ಟ್ ರಿಲೀಸ್ ಸ್ವಿಚ್ ಅಂತಾರೆ, ಎನ್‌ವಿಆರ್ ಅಂದ್ರೂ ಅಂಗಡಿಯವ್ರಿಗೆ ಗೊತ್ತಾಗ್ತದೆ. ಒಳಗೆ ಸಣ್ಣ ಕಾಯಿಲ್ (ತಂತಿ ಸುರುಳಿ) ಇರ್ತದೆ, ಕರೆಂಟ್ ಇರೋ ತನಕ ಅದು ಅಯಸ್ಕಾಂತ ಆಗಿ ಕಾಂಟ್ಯಾಕ್ಟ್, ಅಂದ್ರೆ ಕರೆಂಟ್ ದಾಟಿಸೋ ಲೋಹದ ತುದಿಗಳನ್ನ, ಹಿಡ್ಕಂಡಿರ್ತದೆ, ಕರೆಂಟ್ ಹೋದ್ರೆ ಸ್ಪ್ರಿಂಗ್ ಬಿಡಿಸಿಹಾಕ್ತದೆ, ಅಷ್ಟೇ ವಿದ್ಯೆ. ಹೆಂಗೂ ಸ್ವಿಚ್ ಬದಲಾಯಿಸ್ತೀರಲ್ಲ, ಹಳೇದು ಎಂತದೇ ಇದ್ದಿರ್ಲಿ, ಹೊಸದನ್ನ ಇದೇ ಜಾತಿದು ಹಾಕಿ.

ಕೆಳಗೆ ಹೇಳಿರೋದು ಮುಖ್ಯವಾಗಿ 230 ವೋಲ್ಟ್ ಸಿಂಗಲ್ ಫೇಸಲ್ಲಿ ಓಡೋ 1ರಿಂದ 3 ಎಚ್‌ಪಿ ಟೇಬಲ್ ಗರಗಸಕ್ಕೆ. ತ್ರೀ ಫೇಸ್ ಮಿಷನ್ನು, ಕೈಯಲ್ಲಿ ಹಿಡಿಯೋ ಗರಗಸ ಇವುಗಳದ್ದು ಕಡೆಗೆ ಬರ್ತದೆ. ಪ್ಲಗ್ ಟಾಪ್ ಬಿಚ್ಚಿ ವೈರ್ ಹಾಕಿ ಅಭ್ಯಾಸ ಇಲ್ಲದವ್ರು, ಫೇಸ್ ನ್ಯೂಟ್ರಲ್ ಅರ್ಥಿಂಗ್ ವ್ಯತ್ಯಾಸ ಗೊತ್ತಿಲ್ಲದವ್ರು ದಯವಿಟ್ಟು ಎಲೆಕ್ಟ್ರಿಷಿಯನ್ ಕರೀರಿ, ಇದನ್ನ ಓದ್ಕಂಡು ಅವ್ರ ಪಕ್ಕ ನಿಂತು ಸರಿಯಾದ್ದೇ ಹಾಕ್ತಾರಾ ಅಂತ ನೋಡಿದ್ರೂ ಸಾಕು.

ಮೊದಲು, ಹೋಗಿದ್ದು ಸ್ವಿಚ್ಚೇ ಹೌದಾ ಅಂತ ಖಾತ್ರಿ ಮಾಡ್ಕಳಿ. ಸುಮಾರು ಸಲ ಸ್ವಿಚ್ ಪಾಪ ಸರಿ ಇರ್ತದೆ. ಬಟನ್ ಒತ್ತಿದಾಗ ಮೋಟರ್ ಗುಂಯ್ ಅಂತ ಸದ್ದು ಮಾಡಿ ತಿರುಗ್ಲಿಲ್ಲ ಅಂದ್ರೆ ಸ್ವಿಚ್ ಕರೆಂಟ್ ಕೊಡ್ತಾ ಇದೆ ಅಂತ ಅರ್ಥ, ತಪ್ಪು ಹೆಚ್ಚಾಗಿ ಕೆಪಾಸಿಟರ್‌ದು (ಮೋಟರ್ ಸ್ಟಾರ್ಟ್ ಆಗಕ್ಕೆ ಸಹಾಯ ಮಾಡೋ ಡಬ್ಬಿ), ತಕ್ಷಣ ಆಫ್ ಮಾಡಿ, ಬ್ಲೇಡ್ ಕೈಯಲ್ಲಿ ತಿರುಗಿಸಿ ಸ್ಟಾರ್ಟ್ ಮಾಡೋ ಸಾಹಸ ಬೇಡ. ಒಂದಿಷ್ಟು ಹೊತ್ತು ಓಡಿ ನಿಂತು, ತಣ್ಣಗಾದ್ಮೇಲೆ ಮತ್ತೆ ಓಡಿದ್ರೆ ಅದು ಮೋಟರ್ ಓವರ್‌ಲೋಡ್ ಟ್ರಿಪ್, ಸುಮಾರು ಮೋಟರ್‌ಗಳ ಮೈಮೇಲೇ ಸಣ್ಣ ರೀಸೆಟ್ ಬಟನ್ ಇರ್ತದೆ. ಕಾರ್ಬನ್ ಬ್ರಷ್ ಇರೋ ಮೋಟರ್ ಆದ್ರೆ ಬ್ರಷ್ ಸವೆದ್ರೂ ಬಿಟ್ಟು ಬಿಟ್ಟು ಓಡ್ತದೆ, ಹಿಂದುಗಡೆ ಕಿಡಿ ಜಾಸ್ತಿ ಕಾಣ್ತದೆ. ಇನ್ನು ಪ್ಲಗ್ ಒಳಗೆ ವೈರ್ ಲೂಸ್ ಆಗಿರೋದು, ಕೇಬಲ್ ಮಿಷನ್ ಒಳಗೆ ಹೋಗೋ ಜಾಗದಲ್ಲಿ ಬಗ್ಗಿ ಬಗ್ಗಿ ಒಳಗೇ ತುಂಡಾಗಿರೋದು, ಇಲಿ ಕಡಿದಿರೋದು, ಇವು ಮೂರೂ ನಮ್ಮ ಕಡೆ ಸ್ವಿಚ್ಚಿಗಿಂತ ಜಾಸ್ತಿ.

ಸ್ವಿಚ್ಚೇ ಹಾಳಾಗಿದ್ರೆ ಲಕ್ಷಣ ಬೇರೆ ಇರ್ತದೆ. ಒಂದು ಕಡೆ ಒತ್ತಿ ಹಿಡಿದ್ರೆ ಮಾತ್ರ ಓಡೋದು, ಸ್ವಿಚ್ ಒಳಗೆ ಚರಚರ ಅನ್ನೋದು, ಮುಟ್ಟಿದ್ರೆ ಬಿಸಿ, ಸ್ವಿಚ್ಚಿನ ಗಟ್ಟಿ ಪ್ಲಾಸ್ಟಿಕ್ (ಬೇಕ್‌ಲೈಟ್) ಸುಟ್ಟು ಬರೋ ಮೀನಿನಂಥ ವಾಸನೆ. ಹಸಿರು ಬಟನ್ ಒತ್ತಿದಷ್ಟು ಹೊತ್ತು ಓಡಿ, ಬೆರಳು ಬಿಟ್ರೆ ನಿಲ್ತು ಅಂದ್ರೆ ಕಾಯಿಲ್ ಹೋಗಿದೆ, ಇಲ್ಲಾ ವೋಲ್ಟೇಜ್ ತೀರಾ ಇಳಿದಿದೆ. ಸಂಜೆ ಹೊತ್ತು 170-180ಕ್ಕೆ ಇಳಿಯೋ ಕಡೆ ಮೊದಲು ವೋಲ್ಟೇಜ್ ಅಳೀರಿ, ಆಮೇಲೆ ಸ್ವಿಚ್ ಬೈಯಿರಿ. ಎಲ್ಲಕ್ಕಿಂತ ಕೆಟ್ಟದ್ದು ಆಫ್ ಒತ್ತಿದ್ರೂ ನಿಲ್ಲದೇ ಇರೋದು. ಒಳಗೆ ಕಾಂಟ್ಯಾಕ್ಟ್ ಎರಡೂ ಕರಗಿ ಅಂಟ್ಕಂಡಿರ್ತವೆ. ಆಗ ಸ್ವಿಚ್ಚಿಗೆ ಗುದ್ದೋದು, ಸ್ಕ್ರೂಡ್ರೈವರ್ ಹಾಕಿ ಕೆದಕೋದು ಎಂತದೂ ಬೇಡ, ನೇರ ಹೋಗಿ ಮೇನ್ ಆಫ್ ಮಾಡಿ.

ಈಗ ಕೆಲಸಕ್ಕೆ ಕೂರಣ. ಪ್ಲಗ್ ಕಿತ್ತು, ಪ್ಲಗ್ಗನ್ನ ನಿಮ್ಮ ಕಣ್ಣಿಗೆ ಕಾಣೋ ಹಾಗೆ ಮೇಜಿನ ಮೇಲೆ ಇಟ್ಕಳಿ. ಪ್ಲಗ್ ಇಲ್ದೆ ನೇರ ವೈರ್ ಕೊಟ್ಟಿರೋ ಮಿಷನ್ ಆದ್ರೆ ಎಂಸಿಬಿ, ಅಂದ್ರೆ ಬೋರ್ಡಿನ ಟ್ರಿಪ್ ಸ್ವಿಚ್, ಆಫ್ ಮಾಡಿ, ಅದರ ಮೇಲೆ ಟೇಪ್ ಹಾಕಿ. ಹಳೇ ಕಾಲದ ಕಿಟ್‌ಕ್ಯಾಟ್ ಫ್ಯೂಸ್ ಇದ್ರೆ ಇನ್ನೂ ಒಳ್ಳೇದು, ಕಿತ್ತು ಜೇಬಿಗೆ ಹಾಕ್ಕಳಿ, ಮನೆಯವ್ರು ಯಾರೋ ಬಂದು ಇದ್ಯಾಕೆ ಆಫ್ ಆಗಿದೆ ಅಂತ ಹಾಕೋ ಭಯ ಇರಲ್ಲ. ಕರೆಂಟ್ ಹೋಗಿದೆಯಲ್ಲ ಈಗ್ಲೇ ಮಾಡಣ ಅಂತ ಮೇನ್ ಆಫ್ ಮಾಡ್ದೆ ಕೈ ಹಾಕೋದಂತೂ ಬೇಡವೇ ಬೇಡ ಮಾರಾಯ್ರೆ. ಆಮೇಲೆ ಬ್ಲೇಡ್ ಬಿಚ್ಚಿ ಪಕ್ಕಕ್ಕಿಡಿ. ಸ್ವಿಚ್ ಕೆಲಸಕ್ಕೆ ಬ್ಲೇಡ್ ಯಾಕೆ ಬಿಚ್ಬೇಕು ಅಂತ ಕೇಳ್ತಾರೆ, ಕಡೆಗೆ ಟೆಸ್ಟ್ ಮಾಡೋವಾಗ ಗೊತ್ತಾಗ್ತದೆ.

ಟೆಸ್ಟರ್ ಒಂದನ್ನೇ ನಂಬಬೇಡಿ. ನಿಯಾನ್ ಟೆಸ್ಟರ್ ಉರೀಲಿಲ್ಲ ಅಂದ ಮಾತ್ರಕ್ಕೆ ಕರೆಂಟ್ ಇಲ್ಲ ಅಂತಲ್ಲ, ಒಣ ಚಪ್ಪಲಿ ಹಾಕ್ಕಂಡು ಮರದ ಹಲಗೆ ಮೇಲೆ ನಿಂತಿದ್ರೆ ಎಷ್ಟೋ ಸಲ ಬೆಳಕೇ ಕಾಣಲ್ಲ. ನೂರಾರು ರೂಪಾಯಿಗೆ ಸಿಗೋ ಮಲ್ಟಿಮೀಟರ್ ಒಂದು ಶೆಡ್ಡಲ್ಲಿ ಇರ್ಲಿ. ಅದನ್ನೂ ಮೊದಲು ಕರೆಂಟ್ ಇರೋ ಸಾಕೆಟ್‌ಗೆ ಹಿಡಿದು 230ರ ಆಸುಪಾಸು ತೋರಿಸ್ತದೆ ಅಂತ ಖಾತ್ರಿ ಮಾಡ್ಕಂಡು, ಆಮೇಲೆ ಮಿಷನ್ ಟರ್ಮಿನಲ್‌ಗೆ ಹಿಡಿದು ಸೊನ್ನೆ ನೋಡಿ.

ಮೋಟರ್ ಮೈಮೇಲೆ ಡಬ್ಬಿ ಥರ ಕೆಪಾಸಿಟರ್ ಇದ್ರೆ ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳ್ಕಂಡಿರಬಹುದು. ಹೋಲ್ಡರ್‌ಗೆ ಎರಡು ವೈರ್ ಹಾಕಿ 60 ಅಥವಾ 100 ವ್ಯಾಟ್ ಹಳೇ ಕಾಲದ ಫಿಲಮೆಂಟ್ ಬಲ್ಬ್ ಸಿಕ್ಕಿಸಿ, ವೈರಿನ ತುದಿಗಳನ್ನ ಕೆಪಾಸಿಟರ್ ಎರಡೂ ಟರ್ಮಿನಲ್‌ಗೆ ಸ್ವಲ್ಪ ಹೊತ್ತು ಹಿಡೀರಿ, ಖಾಲಿ ಆಗ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ ಅನ್ಸೋದು ಎಲ್ರೂ ಮಾಡ್ತಾರೆ, ಅದ್ರಿಂದ ಕೆಪಾಸಿಟರ್‌ಗೂ ಒಳ್ಳೇದಲ್ಲ, ಕಣ್ಣಿಗೂ ಒಳ್ಳೇದಲ್ಲ.

ಸ್ವಿಚ್ ಬಾಕ್ಸ್ ಬಿಚ್ಚೋ ಮುಂಚೆ ಬ್ರಷ್ಷಲ್ಲಿ ಹೊರಗಿನ ಹೊಟ್ಟು ಗುಡಿಸಿ, ಇಲ್ಲಾಂದ್ರೆ ಎಲ್ಲಾ ಒಳಗೇ ಸುರೀತದೆ. ಬಿಚ್ಚಿದ ಕೂಡ್ಲೇ ಯಾವ ವೈರನ್ನೂ ಮುಟ್ಟದೆ ಮೊಬೈಲಲ್ಲಿ ಫೋಟೋ ತಗಳಿ, ಎರಡು ಮೂರು ಕಡೆಯಿಂದ. ಒಳಗೆ ಎಂತೆಂತ ಇರ್ತದೆ ಅಂತೀರಿ! ನುಣ್ಣನೆ ಮರದ ಪುಡಿ ಮಳೆಗಾಲದ ಥಂಡಿ ಕುಡಿದು ಕಲಸಿದ ಹಿಟ್ಟಿನ ಹಾಗೆ ಗಟ್ಟಿಯಾಗಿ ಕಾಂಟ್ಯಾಕ್ಟ್ ಸಂದಿಗೆ ಮೆತ್ಕಂಡಿರ್ತದೆ, ತಾಮ್ರದ ವೈರ್ ತುದಿ ಹಸಿರು ಕಿಲುಬು ಹಿಡಿದಿರ್ತದೆ, ಇರುವೆ ಗೂಡು, ಒಂದೊಂದ್ಸಲ ಸುಟ್ಟು ಕರಕಲಾದ ಹಲ್ಲಿ. ಆ ಹಲ್ಲಿ ಎರಡು ಟರ್ಮಿನಲ್ ಮೇಲೆ ಕಾಲಿಟ್ಟಿದ್ದೇ ಸ್ವಿಚ್ ಹೋಗಕ್ಕೆ ಕಾರಣ ಆಗಿರಬಹುದು. ಹಂಗಿದ್ರೆ ಬರೀ ಸ್ವಿಚ್ ಬದಲಾಯಿಸಿದ್ರೆ ಸಾಲದು, ಹಲ್ಲಿ ಬಂದ ತೂತನ್ನೂ ಮುಚ್ಚಬೇಕು.

ವೈರ್ ಬಣ್ಣದಲ್ಲಿ ಒಂದು ಗುಂಡಿ ಇದೆ, ಇಲ್ಲಿ ನಿಧಾನ. ನಮ್ಮ ಹಳೇ ಲೆಕ್ಕದಲ್ಲಿ ಕೆಂಪು ಫೇಸು, ಕಪ್ಪು ನ್ಯೂಟ್ರಲ್ಲು, ಹಸಿರು ಅರ್ಥು. ಹೊರಗಿಂದ ಬಂದ ಮಿಷನ್ ಕಾರ್ಡಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್ಲು, ಹಸಿರು ಮೇಲೆ ಹಳದಿ ಗೀರು ಇರೋದು ಅರ್ಥು. ತ್ರೀ ಫೇಸ್ ಬೋರ್ಡಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು. ಅಂದ್ರೆ ಒಂದೇ ನೀಲಿ ವೈರು ಒಂದು ಕಡೆ ನ್ಯೂಟ್ರಲ್ಲು, ಇನ್ನೊಂದು ಕಡೆ ಫೇಸು. ಜೊತೆಗೆ ಹಿಂದೆ ಯಾರೋ ರಿಪೇರಿ ಮಾಡಿದವ್ರು ಕೈಗೆ ಸಿಕ್ಕ ಬಣ್ಣ ಹಾಕಿರ್ತಾರೆ. ಹಾಗಾಗಿ ಬಣ್ಣ ನೋಡಿ ಅಂದಾಜು ಮಾಡ್ಬೇಡಿ, ಪ್ಲಗ್ಗಿನ ಪಿನ್ನಿಂದ ವೈರಿನ ತುದಿ ತನಕ ಮೀಟರ್ ಬೀಪ್ ಹಾಕಿ (ಎರಡು ತುದಿ ಒಳಗೆ ಕೂಡಿದ್ರೆ ಮೀಟರ್ ಬೀಪ್ ಅನ್ನೋ ಸೆಟ್ಟಿಂಗು) ಯಾವ ವೈರ್ ಯಾವುದು ಅಂತ ಗುರುತು ಹಾಕಿ. ಪೇಪರ್ ಟೇಪ್ ತುಂಡಿನ ಮೇಲೆ ಸಪ್ಲೈ ಫೇಸ್, ಸಪ್ಲೈ ನ್ಯೂಟ್ರಲ್, ಮೋಟರ್ 1, ಮೋಟರ್ 2 ಅಂತ ಬರೆದು ಒಂದೊಂದಕ್ಕೂ ಸುತ್ತಿ. ಇಷ್ಟಾದ್ಮೇಲೆ ಬಿಚ್ಚಿ.

ಹಳೇ ಸ್ವಿಚ್ ಕೈಗೆ ಬಂತಲ್ಲ, ಅದನ್ನ ಮೀಟರ್ ಬೀಪ್‌ನಲ್ಲಿ ನೋಡಿ. ಆಫ್ ಇದ್ದಾಗ ಯಾವ ಟರ್ಮಿನಲ್ ಜೋಡಿಯೂ ಬೀಪ್ ಅನ್ಬಾರ್ದು, ಆನ್ ಮಾಡಿದಾಗ ಒಂದೊಂದು ಪೋಲಿನ (ಸ್ವಿಚ್ ಕತ್ತರಿಸೋ ಒಂದೊಂದು ವೈರ್ ದಾರಿ) ಇನ್‌ಪುಟ್ಟು ಔಟ್‌ಪುಟ್ಟು ಬೀಪ್ ಅನ್ಬೇಕು, ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಸೊನ್ನೆ ಇರ್ಬೇಕು. ಏಳೆಂಟು ಓಮ್ ತೋರಿಸ್ತಾ, ಅಲ್ಲಾಡಿಸಿದ್ರೆ ಬದಲಾಗ್ತಾ ಇದ್ರೆ ಕಾಂಟ್ಯಾಕ್ಟ್ ಸುಟ್ಟಿದೆ. ನೋ ವೋಲ್ಟ್ ಸ್ವಿಚ್ ಆದ್ರೆ ಕರೆಂಟ್ ಇಲ್ಲದಾಗ ಹಸಿರು ಬಟನ್ ಒತ್ತಿದಲ್ಲೇ ನಿಲ್ಲಲ್ಲ, ಅದು ಅದರ ಗುಣ, ಹಾಳಾಗಿದೆ ಅಂತ ಬಿಸಾಡ್ಬೇಡಿ, ಬೆರಳಲ್ಲಿ ಒತ್ತಿ ಹಿಡ್ಕಂಡೇ ಬೀಪ್ ನೋಡಿ. ಸುಟ್ಟ ಕಾಂಟ್ಯಾಕ್ಟನ್ನ ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹಾಕೋರು ಇದ್ದಾರೆ. ಮೇಲಿನ ಬೆಳ್ಳಿ ಪದರ ಹೋಗ್ತದೆ, ಸ್ವಲ್ಪ ದಿನ ಓಡಿ ಮತ್ತೆ ಸುಡ್ತದೆ, ಅಥವಾ ಅಂಟ್ಕಳ್ತದೆ. ಫ್ಯಾನ್ ಸ್ವಿಚ್ ಆಗಿದ್ರೆ ಹಂಗೆ ಮಾಡಿ ಅಂತಿದ್ದೆ, ಗರಗಸಕ್ಕೆ ಬೇಡ.

ಇನ್ನು ಹೊಸ ಸ್ವಿಚ್ ತರೋದು. ಹಳೇ ಸ್ವಿಚ್ಚು, ಬಾಕ್ಸಿನ ತೂತಿನ ಅಳತೆ, ಮೋಟರ್ ನೇಮ್‌ಪ್ಲೇಟಿನ ಫೋಟೋ ಮೂರೂ ತಗಂಡೇ ಅಂಗಡಿಗೆ ಹೋಗಿ. ಶಿವಮೊಗ್ಗದಲ್ಲಿ ಗಾಂಧಿ ಬಜಾರ್, ಬಿ.ಎಚ್. ರೋಡ್ ಕಡೆ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ, ಪವರ್ ಟೂಲ್ ಮಾರೋರ ಹತ್ರ ಕೇಳಿದ್ರೆ ಹಸಿರು ಕೆಂಪು ಬಟನ್ನಿನ ಮೇಲೆ ಮುಚ್ಚಳ ಇರೋ ಮಿಷನ್ ಸ್ವಿಚ್ ತೋರಿಸ್ತಾರೆ. ಸುಮ್ನೆ ಗರಗಸಕ್ಕೆ ಸ್ವಿಚ್ ಕೊಡಿ ಅಂದ್ರೆ ಕೌಂಟರ್ ಹುಡುಗ ಮಾಮೂಲಿ ಆನ್ ಆಫ್ ತೆಗೆದು, ಅಣ್ಣ ಎಲ್ರೂ ಇದ್ನೇ ತಗಂಡ್ ಹೋಗದು ಅಂತಾನೆ. ನೋಡಕ್ಕೂ ಒಂದೇ ಥರ ಇರ್ತವೆ. ಕರೆಂಟ್ ಕೊಡ್ದೆ ಹಸಿರು ಒತ್ತಿ ನೋಡಿ, ಒತ್ತಿದಲ್ಲೇ ಟಕ್ ಅಂತ ಕೂತ್ರೆ ಅದು ಮಾಮೂಲಿ ಸ್ವಿಚ್ಚು, ಬೆರಳು ತೆಗೆದ ಕೂಡ್ಲೇ ವಾಪಸ್ ಬಂದ್ರೆ ನಮಗೆ ಬೇಕಾದ್ದು. ಅಂಗಡಿಯಲ್ಲೇ ಆಗೋ ಪರೀಕ್ಷೆ, ಎಂತ ಸಲಕರಣೆನೂ ಬೇಡ.

ಆಂಪ್ ಲೆಕ್ಕ ಹೀಗೆ. 1 ಎಚ್‌ಪಿ ಅಂದ್ರೆ 746 ವ್ಯಾಟ್, ಆದ್ರೆ ಅದು ಮೋಟರ್ ಹೊರಗೆ ಕೊಡೋ ಶಕ್ತಿ, ಒಳಗೆ ಎಳ್ಕಳದು ಜಾಸ್ತಿ. ಸಿಂಗಲ್ ಫೇಸಲ್ಲಿ 1 ಎಚ್‌ಪಿ ಮೋಟರ್ ಪೂರ್ತಿ ಲೋಡಲ್ಲಿ ಸುಮಾರು 6-7 ಆಂಪ್, 2 ಎಚ್‌ಪಿ 11-13 ಆಂಪ್, 3 ಎಚ್‌ಪಿ 16-18 ಆಂಪ್ ತಗಳ್ತದೆ. ನೇಮ್‌ಪ್ಲೇಟಲ್ಲಿ ಬರೆದಿದ್ರೆ ಅದನ್ನೇ ನಂಬಿ. ಸ್ಟಾರ್ಟ್ ಆಗೋ ಕ್ಷಣದಲ್ಲಿ ಇದರ ಐದಾರು ಪಟ್ಟು ಎಳೀತದೆ, ಆಫ್ ಮಾಡೋವಾಗ ಕಾಂಟ್ಯಾಕ್ಟ್ ಮಧ್ಯೆ ಕಿಡಿ ಹಾರ್ತದೆ. ಮನೆ ಬೋರ್ಡಿನ 16 ಆಂಪ್ ಸ್ವಿಚ್ ಗೀಸರ್‌ಗೆ ತಡ್ಕಂಡ್ರೂ ಮೋಟರ್‌ಗೆ ತಡ್ಕಳಲ್ಲ ಅನ್ನೋದು ಇದಕ್ಕೇ. ಸ್ವಿಚ್ ಮೈಮೇಲೆ 16(4) ಅಂತ ಎರಡು ಅಂಕಿ ಬರೆದಿದ್ರೆ ಹೊರಗಿನ 16 ಹೀಟರ್ ಥರದ ಲೋಡಿಗೆ, ಬ್ರಾಕೆಟ್ ಒಳಗಿನ 4 ಮೋಟರ್ ಲೋಡಿಗೆ. ನೋಡ್ಬೇಕಾದ್ದು ಒಳಗಿನ ಅಂಕಿ. ಎಚ್‌ಪಿಲೇ ಬರೆದಿದ್ರೆ ಇನ್ನೂ ಸಲೀಸು, ನಿಮ್ಮ ಮೋಟರಿಗಿಂತ ಒಂದು ಹೆಜ್ಜೆ ಮೇಲಿಂದು ತಗಳಿ. ಕಾಯಿಲ್ 230 ವೋಲ್ಟಿಂದೇ ಇರ್ಬೇಕು, ಅದನ್ನೂ ಓದಿ. ಮತ್ತೆ ಡಬಲ್ ಪೋಲ್ ಇರ್ಬೇಕು, ಅಂದ್ರೆ ಫೇಸು ನ್ಯೂಟ್ರಲ್ಲು ಎರಡನ್ನೂ ಕತ್ತರಿಸ್ಬೇಕು. ಊರಲ್ಲಿ ಎಷ್ಟೋ ಸಾಕೆಟ್‌ಗಳಲ್ಲಿ ಫೇಸ್ ನ್ಯೂಟ್ರಲ್ ಅದಲುಬದಲಾಗಿರ್ತದೆ, ಸಿಂಗಲ್ ಪೋಲ್ ಸ್ವಿಚ್ ಅಂಥಲ್ಲಿ ನ್ಯೂಟ್ರಲ್ ಮಾತ್ರ ಕತ್ತರಿಸಿ, ಮಿಷನ್ ನಿಂತಿದ್ರೂ ಮೋಟರ್ ಒಳಗೆ ಫೇಸ್ ಹಾಗೇ ಬಿಟ್ಟಿರ್ತದೆ.

3 ಎಚ್‌ಪಿ ಮಿಷನ್ನನ್ನ 16 ಆಂಪ್ ಪ್ಲಗ್ಗಲ್ಲಿ ಓಡಿಸ್ತಿದ್ರೆ ಸ್ವಿಚ್ಚಿನ ಜೊತೆಗೆ ಅದನ್ನೂ ನೋಡಿ, ಪ್ಲಗ್ ಪಿನ್ ಬಿಸಿಯಾಗಿ ಕಪ್ಪಾಗಿರ್ತದೆ. ಅದಕ್ಕೆ ಡಬಲ್ ಪೋಲ್ ಎಂಸಿಬಿಯಿಂದ ನೇರ ಲೈನ್ ಬೇಕು. ವೈರ್ 1 ಎಚ್‌ಪಿಗೆ 1.5, 2 ಎಚ್‌ಪಿಗೆ 2.5, 3 ಎಚ್‌ಪಿಗೆ 4 ಸ್ಕ್ವೇರ್ ಎಂಎಂ ತಾಮ್ರದ್ದು, ಮನೆಯಿಂದ ಶೆಡ್ಡಿಗೆ ದೂರ ಇದ್ರೆ ಒಂದು ಸೈಜ್ ಮೇಲೆ.

ಜೋಡಿಸೋ ಕೆಲಸ ನಿಜ ಹೇಳ್ಬೇಕಂದ್ರೆ ಎಲ್ಲಕ್ಕಿಂತ ಸಣ್ಣದು. ಕಿಲುಬು ಹಿಡಿದ ತಾಮ್ರ ಕತ್ತರಿಸಿ ಬಿಸಾಕಿ, ಹೊಳೆಯೋ ತಾಮ್ರ ಸಿಗೋ ತನಕ ಹಿಂದಕ್ಕೆ ಹೋಗಿ. ಎಳೆ ಎಳೆ ವೈರನ್ನ ಹಾಗೇ ತಿರುಚಿ ಸ್ಕ್ರೂ ಕೆಳಗೆ ಸುತ್ತಬೇಡಿ, ಮಿಷನ್ ನಡುಗಿ ನಡುಗಿ ಲೂಸ್ ಆಗ್ತದೆ. ವೈರ್ ತುದಿಗೆ ಲಗ್ಸ್, ಅಂದ್ರೆ ಲೋಹದ ಕೊಂಡಿ, ಹಾಕಿ ಕ್ರಿಂಪಿಂಗ್ ಟೂಲಲ್ಲಿ ಒತ್ತಿ, ಒತ್ತಿದ್ಮೇಲೆ ಜೋರಾಗಿ ಎಳೆದು ನೋಡಿ. ಈ ಥರದ ಸುಮಾರು ಸ್ವಿಚ್ಚಿಗೆ 6.3 ಎಂಎಂ ಚಪ್ಪಟೆ ಪಿನ್ ಇರ್ತದೆ, ಅದಕ್ಕೆ ತಳ್ಳಿ ಹಾಕೋ ಲಗ್ಸ್ ಇನ್ಸುಲೇಷನ್ ತೊಪ್ಪಿ ಸಮೇತ ಸಿಗ್ತದೆ. ಕೂರಿಸುವಾಗ ಬಿಗಿ ಇರ್ಬೇಕು, ಸಲೀಸಾಗಿ ಜಾರಿದ್ರೆ ಅದು ಬಿಸಿಯಾಗ್ತದೆ.

ಯಾವ ಪಿನ್ನಿಗೆ ಸಪ್ಲೈ, ಯಾವ ಪಿನ್ನಿಗೆ ಮೋಟರ್ ಅಂತ ಸ್ವಿಚ್ ಮೈಮೇಲೋ ಪೊಟ್ಟಣದ ಮೇಲೋ ಚಿತ್ರ ಇರ್ತದೆ. ಕಂಪನಿಯಿಂದ ಕಂಪನಿಗೆ ನಂಬರ್ ಬೇರೆ, ಹಳೇ ಸ್ವಿಚ್ಚಲ್ಲಿ ಇದ್ದ ಹಾಗೇ ಹೊಸದಕ್ಕೂ ಕೊಟ್ಟುಬಿಡಣ ಅಂತ ಹೋಗ್ಬೇಡಿ, ಚಿತ್ರ ನೋಡಿಯೇ ಕೊಡಿ. ಸಪ್ಲೈ ಕಡೆ ಮೋಟರ್ ಕಡೆ ಉಲ್ಟಾ ಆದ್ರೆ ಕಾಯಿಲ್‌ಗೆ ಯಾವಾಗ್ಲೂ ಕರೆಂಟ್ ನಿಂತಿರ್ತದೆ, ಮಿಷನ್ ಆಫ್ ಇದ್ರೂ ಸ್ವಿಚ್ ಬಿಸಿ. ಕೆಲವಕ್ಕೆ ಐದನೇ ಪಿನ್ ಇರ್ತದೆ, ಅದು ಕಾಯಿಲ್‌ದು, ಬೇರೆ ಕಡೆ ಇನ್ನೊಂದು ಸ್ಟಾಪ್ ಬಟನ್ ಇಡೋರಿಗೆ ಬಿಟ್ಟಿರೋದು. ಹೆಚ್ಚಿನ ಬಟನ್ ಇಲ್ದಿದ್ರೂ ಅದನ್ನ ಚಿತ್ರದಲ್ಲಿ ತೋರಿಸಿದ ಕಡೆಗೆ ಕೊಡ್ಲೇಬೇಕು, ಖಾಲಿ ಬಿಟ್ರೆ ಬಟನ್ ನಿಲ್ಲಲ್ಲ. ಆಗ ಹೊಸ ಸ್ವಿಚ್ಚೇ ಹಾಳು ಅಂತ ಅಂಗಡಿಯವ್ರ ಹತ್ರ ಜಗಳಕ್ಕೆ ಹೋಗೋರೂ ಇದ್ದಾರೆ.

ಹಸಿರು ವೈರ್, ಅಂದ್ರೆ ಅರ್ಥ್, ಸ್ವಿಚ್ ಮೂಲಕ ಹೋಗ್ಲೇಬಾರ್ದು. ಪ್ಲಗ್ಗಿಂದ ನೇರ ಮಿಷನ್ನಿನ ಕಬ್ಬಿಣಕ್ಕೆ, ಬಣ್ಣ ಕೆರೆದು, ಸ್ಟಾರ್ ವಾಷರ್ ಹಾಕಿ ಬಿಗಿ ಮಾಡಿ, ಮೋಟರ್ ಬಾಡಿಗೂ ಅದೇ ಅರ್ಥ್ ಹೋಗಿದೆಯಾ ಅಂತ ಮೀಟರಲ್ಲಿ ನೋಡಿ. ಮಳೆಗಾಲದಲ್ಲಿ ನೆಲ ಒದ್ದೆ, ಕಾಲು ಒದ್ದೆ, ಮರವೂ ಅರೆಹಸಿ, ಇಂಥ ಕಡೆ ಬಾಡಿಗೆ ಶಾಕ್ ಬಂದ್ರೆ ಬ್ಲೇಡ್ ಮೇಲೇ ಬೀಳ್ತೀರಿ. ಶೆಡ್ ಲೈನಿಗೆ 30 ಮಿಲಿಆಂಪ್‌ದು ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್) ಹಾಕ್ಸಿ, ನಮ್ಮ ಕಡೆ ಅದನ್ನೂ ಇಎಲ್‌ಸಿಬಿ ಅಂತ್ಲೇ ಕರೀತಾರೆ. ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗ್ತದೆ, ಆವಾಗಾವಾಗ ನೀರು ಹಾಕ್ತಿರಿ.

ಸ್ವಿಚ್ಚನ್ನ ಎಲ್ಲಿ ಕೂರಿಸ್ತೀರಿ ಅನ್ನೋದು ಯಾವ ಸ್ವಿಚ್ ಅನ್ನೋದಷ್ಟೇ ಮುಖ್ಯ, ಇದಕ್ಕೆ ಯಾರೂ ತಲೆ ಕೆಡಿಸ್ಕಳಲ್ಲ. ಮಿಷನ್ ಹಿಂದೆ, ಗೋಡೆ ಮೇಲೆ, ಹಲಗೆ ಹೊರಗೆ ಬರೋ ಕಡೆ ಎಲ್ಲಾ ಸ್ವಿಚ್ ನೋಡಿದ್ದೀನಿ. ಹೊನ್ನೆಯೋ ಮತ್ತಿಯೋ ಉದ್ದನೆ ಹಲಗೆ ತಳ್ತಾ ಇರ್ತೀರಿ, ಎರಡೂ ಕೈ ಹಲಗೆ ಮೇಲೆ, ಅರ್ಧಕ್ಕೆ ಹಲಗೆ ಬಿಗಿಯಾಗಿ ಬ್ಲೇಡ್ ಹಿಡ್ಕಳ್ತದೆ, ಕೈ ಬಿಟ್ರೆ ಹಲಗೆ ವಾಪಸ್ ಎದೆಗೆ ಒದೀತದೆ. ಆ ಹೊತ್ತಲ್ಲಿ ಆಫ್ ಮಾಡಕ್ಕೆ ನಿಮ್ಮ ಹತ್ರ ಉಳಿಯೋದು ಮಂಡಿ ಒಂದೇ. ಹಾಗಾಗಿ ನೀವು ನಿಲ್ಲೋ ಕಡೆ, ಮಿಷನ್ ಮುಂಭಾಗದಲ್ಲಿ, ಬ್ಲೇಡಿನ ನೇರಕ್ಕೆ ಬರದ ಹಾಗೆ ಸ್ವಲ್ಪ ಎಡಕ್ಕೆ, ತೊಡೆ ಅಥವಾ ಮಂಡಿ ಎತ್ತರಕ್ಕೆ ಇರ್ಲಿ. ಮುಚ್ಚಳದ ಮೇಲೆ ದೊಡ್ಡ ಕೆಂಪು ಬಟನ್ ಇರೋ ಮಾಡೆಲ್ ತಗಂಡ್ರೆ ಮುಚ್ಚಳಕ್ಕೆ ಮಂಡಿ ತಾಗಿಸಿದ್ರೂ ಆಫ್ ಆಗ್ತದೆ. ಹಸಿರು ಬಟನ್ ಮಾತ್ರ ಒಳಗೆ ತಗ್ಗಲ್ಲಿ ಇರ್ಬೇಕು, ಪಂಚೆ ತಾಗಿ ಹಲಗೆ ಒರಗಿ ಆನ್ ಆಗ್ಬಾರ್ದು. ಕೂರಿಸಿ ಆದ್ಮೇಲೆ ಮಿಷನ್ ಓಡ್ಸದೇ ಹಲಗೆ ಹಿಡ್ಕಂಡು ನಿಂತು, ಕೆಳಗೆ ನೋಡದೆ ಮಂಡಿಯಲ್ಲಿ ಆಫ್ ಒತ್ತಕ್ಕೆ ಆಗ್ತದಾ ನೋಡಿ.

ಕೇಬಲ್ ಬಾಕ್ಸಿಗೆ ಹೋಗೋ ತೂತಿಗೆ ಗ್ಲ್ಯಾಂಡ್, ಅಂದ್ರೆ ಕೇಬಲ್ ಬಿಗಿ ಹಿಡಿಯೋ ನಟ್ಟು, ಹಾಕಿ ಬಿಗೀರಿ. ಕೇಬಲ್ ಯಾರಾದ್ರೂ ಎಡವಿ ಎಳೆದ್ರೆ ಆ ಎಳೆತ ಗ್ಲ್ಯಾಂಡ್ ಮೇಲೆ ಬೀಳ್ಬೇಕು, ಟರ್ಮಿನಲ್ ಮೇಲಲ್ಲ. ಕೇಬಲ್ ಕೆಳಗಿಂದ ಮೇಲಕ್ಕೆ ಬಾಕ್ಸ್ ಒಳಗೆ ಹೋಗೋ ಹಾಗೆ ಮಾಡಿದ್ರೆ ಸೋರಿದ ನೀರು ವೈರ್ ಹಿಡ್ಕಂಡು ಒಳಗೆ ಇಳಿಯಲ್ಲ. ಉಳಿದ ತೂತು ಎಲ್ಲಾ ಮುಚ್ಚಿ.

ಈಗ ಟೆಸ್ಟ್. ಬ್ಲೇಡ್ ಬಿಚ್ಚೇ ಇದೆಯಲ್ಲ, ಹಾಗೇ ಇರ್ಲಿ. ಕರೆಂಟ್ ಕೊಡೋ ಮೊದಲು ಮೀಟರ್ ಇಟ್ಟು ಫೇಸಿಂದ ಬಾಡಿಗೆ, ನ್ಯೂಟ್ರಲ್ಲಿಂದ ಬಾಡಿಗೆ ಬೀಪ್ ಬರಲ್ಲ ಅಂತ ನೋಡಿ, ಹಸಿರು ಒತ್ತಿ ಹಿಡ್ಕಂಡೂ ಒಂದ್ಸಲ ನೋಡಿ. ಬಾಕ್ಸ್ ಮುಚ್ಚಳ ಹಾಕಿ. ಪ್ಲಗ್ ಹಾಕಿ ಮೇನ್ ಆನ್ ಮಾಡಿದಾಗ ಮೋಟರ್ ಸುಮ್ನಿರ್ಬೇಕು, ಮಿಸುಕಾಡಿದ್ರೂ ವೈರಿಂಗ್ ತಪ್ಪು. ಹಸಿರು ಒತ್ತಿ, ಓಡ್ಬೇಕು, ಬೆರಳು ಬಿಟ್ರೂ ಓಡ್ತಿರ್ಬೇಕು. ಕೆಂಪು ಒತ್ತಿ, ನಿಲ್ಬೇಕು. ಮತ್ತೆ ಓಡ್ಸಿ, ಓಡ್ತಿರೋವಾಗ್ಲೇ ಮೇನ್ ಆಫ್ ಮಾಡಿ, ಮೋಟರ್ ಪೂರ್ತಿ ನಿಂತ ಮೇಲೆ ದೂರದಲ್ಲೇ ನಿಂತು ಮೇನ್ ಆನ್ ಮಾಡಿ. ಮಿಷನ್ ಸುಮ್ನಿದ್ರೆ ಗೆದ್ದಿರಿ. ತಾನೇ ಓಡಿದ್ರೆ ಅದು ನೋ ವೋಲ್ಟ್ ಸ್ವಿಚ್ ಅಲ್ಲ, ಇಲ್ಲಾ ತಪ್ಪಾಗಿ ಕೊಟ್ಟಿದ್ದೀರಿ, ಬ್ಲೇಡ್ ಹಾಕಕ್ಕೆ ಹೋಗ್ಬೇಡಿ. ಸರಿ ಇದ್ರೆ ಹತ್ತು ಹದಿನೈದು ನಿಮಿಷ ಖಾಲಿ ಓಡ್ಸಿ, ಪ್ಲಗ್ ಕಿತ್ತು, ಬಾಕ್ಸ್ ಬಿಚ್ಚಿ ಟರ್ಮಿನಲ್ ಮುಟ್ಟಿ ನೋಡಿ, ಉಗುರು ಬೆಚ್ಚಗಿದ್ರೆ ಚಿಂತೆ ಇಲ್ಲ, ಕೈ ಇಡಕ್ಕಾಗದಷ್ಟು ಬಿಸಿ ಇದ್ದ ಟರ್ಮಿನಲ್ ಲೂಸ್ ಇದೆ. ಬ್ಲೇಡ್ ಹಾಕೋದು ಇದೆಲ್ಲ ಮುಗಿದು, ಪ್ಲಗ್ ಇನ್ನೂ ಹೊರಗಿರೋವಾಗ್ಲೇ.

ಲೋ ವೋಲ್ಟೇಜಿಗೆ ಈ ಸ್ವಿಚ್ ಪದೇ ಪದೇ ಬಿಟ್ಕಳ್ತದೆ, ಕಾಟ ತಡೀಲಾರ್ದೆ ಹಸಿರು ಬಟನ್ನಿಗೆ ಮರದ ಚಕ್ಕೆ ಸಿಕ್ಕಿಸಿ ಟೇಪ್ ಸುತ್ತಿರೋದನ್ನ ನೋಡಿದ್ರೆ ಸಿಟ್ಟು ಬರ್ತದೆ. ಅಷ್ಟು ವೋಲ್ಟೇಜಲ್ಲಿ ಓಡ್ಸಿದ್ರೆ ಮೋಟರ್ ಹೆಚ್ಚು ಆಂಪ್ ಎಳೆದು ವೈಂಡಿಂಗ್ ಸುಟ್ಕಳ್ತದೆ, ಸ್ವಿಚ್ ಬಿಟ್ಕಂಡಿದ್ದೇ ಉಪಕಾರ. ಕೊಯ್ಯೋ ಕೆಲಸ ಬೆಳಿಗ್ಗೆ ವೋಲ್ಟೇಜ್ ಇರೋವಾಗ ಇಟ್ಕಳಿ, ಇಲ್ಲಾ ಮೋಟರಿಗೆ ತಕ್ಕ ಸ್ಟೆಬಿಲೈಸರ್ ಹಾಕ್ಸಿ.

ತ್ರೀ ಫೇಸ್ ಮಿಷನ್ ಆದ್ರೆ ಹೊಸ ವಿದ್ಯೆ ಕಲಿಯೋದು ಬೇಡ, ತೋಟದ ಪಂಪಿಗೆ ಇರೋ ಡಿಓಎಲ್ ಸ್ಟಾರ್ಟರ್ರೇ (ಮೋಟರನ್ನ ನೇರ ಲೈನಿಗೆ ಕೊಡೋ ಹಸಿರು ಕೆಂಪು ಬಟನ್ ಡಬ್ಬಿ) ಗರಗಸಕ್ಕೂ ಆಗ್ತದೆ, ಅದರಲ್ಲಿ ನೋ ವೋಲ್ಟ್ ಕಾಯಿಲ್ ಇದ್ದೇ ಇರ್ತದೆ, ಜೊತೆಗೆ ಆಂಪ್ ಜಾಸ್ತಿಯಾದ್ರೆ ಮೋಟರ್ ನಿಲ್ಸೋ ಓವರ್‌ಲೋಡ್ ರಿಲೇ. ರಿಲೇನ ನೇಮ್‌ಪ್ಲೇಟ್ ಆಂಪಿಗೆ ಇಡಿ, 3 ಎಚ್‌ಪಿಗೆ ಸುಮಾರು 5, 5 ಎಚ್‌ಪಿಗೆ ಸುಮಾರು 7.5 ಬರ್ತದೆ. ಸ್ಟಾರ್ಟರ್ ಕೆಟ್ರೆ ಪೂರ್ತಿ ಬದಲಾಯಿಸ್ಬೇಕು ಅಂತಿಲ್ಲ, ಕಾಯಿಲ್ಲು, ಕಾಂಟ್ಯಾಕ್ಟ್ ಕಿಟ್ ಬಿಡಿಯಾಗಿ ಸಿಗ್ತವೆ, ಕಾಯಿಲ್ 415 ವೋಲ್ಟಿಂದಾ 240ರದ್ದಾ ಅಂತ ಹಳೇದರ ಮೇಲೆ ನೋಡಿ ಅದನ್ನೇ ತನ್ನಿ. ಆದ್ರೆ ಪಂಪ್‌ಸೆಟ್ಟಿನ ಹಳೇ ಪ್ಯಾನೆಲ್ ತಂದು ಗರಗಸಕ್ಕೆ ಹಾಕೋರು ಒಂದು ವಿಷಯ ನೋಡ್ಲೇಬೇಕು, ಅದರಲ್ಲಿ ಆಟೋ ಸ್ವಿಚ್ ಇದ್ರೆ ಕಿತ್ತು ಬಿಸಾಕಿ. ರಾತ್ರಿ ತ್ರೀ ಫೇಸ್ ಬಂದಾಗ ಮೋಟರ್ ತಾನೇ ಓಡ್ಲಿ ಅಂತ ರೈತರು ಹಾಕ್ಸಿರೋದು ಅದು, ತೋಟಕ್ಕೆ ವರ, ಗರಗಸಕ್ಕೆ ಯಮ. ಆಫ್ ಮೋಡಲ್ಲಿ ಇಟ್ರೆ ಆಯ್ತಲ್ಲ ಅನ್ಬೇಡಿ, ಯಾರೋ ಮಕ್ಕಳು ತಿರುಗಿಸ್ತಾರೆ. ಹಾಗೇ ಐಪಿ ಸೆಟ್ (ನೀರಾವರಿ ಪಂಪ್) ಲೈನಿಂದ ಗರಗಸ ಓಡ್ಸೋದು ಕಾನೂನಿಗೆ ವಿರುದ್ಧ, ಅದು ನಿಮಗೇ ಗೊತ್ತು.

ತ್ರೀ ಫೇಸಲ್ಲಿ ಮೂರರಲ್ಲಿ ಎರಡು ವೈರ್ ಅದಲುಬದಲಾದ್ರೆ ಮೋಟರ್ ಉಲ್ಟಾ ತಿರುಗ್ತದೆ, ಬ್ಲೇಡಿನ ನಟ್ಟು ಬಿಚ್ಕಂಡು ಬರಬಹುದು. ಬ್ಲೇಡ್ ಇಲ್ದೇ ಒಂದು ಕ್ಷಣ ಆನ್ ಮಾಡಿ ಆಫ್ ಮಾಡಿ ಶಾಫ್ಟ್ ನೋಡಿ, ನೀವು ನಿಂತಿರೋ ಕಡೆ ಬ್ಲೇಡಿನ ಹಲ್ಲು ಮೇಲಿಂದ ಕೆಳಕ್ಕೆ ಬರೋ ದಿಕ್ಕಿಗೆ ತಿರುಗ್ಬೇಕು. ಉಲ್ಟಾ ಇದ್ರೆ ಮೇನ್ ಆಫ್ ಮಾಡಿ ಯಾವುದಾದ್ರೂ ಎರಡು ಫೇಸ್ ಬದಲಾಯಿಸಿದ್ರೆ ಮುಗೀತು.

ಕೈ ಗರಗಸದ ಟ್ರಿಗರ್ ಸ್ವಿಚ್ಚಿಗೆ ಅದೇ ಮಾಡೆಲ್ಲಿನ ಸ್ಪೇರ್ ಪಾರ್ಟೇ ತನ್ನಿ, ಹಿಡಿಕೆ ಎರಡು ಹೋಳು ಮಾಡೋವಾಗ ವೈರ್ ಹೋದ ದಾರಿ ಫೋಟೋ ತೆಗೆದು, ಮುಚ್ಚುವಾಗ ವೈರ್ ಪ್ಲಾಸ್ಟಿಕ್ ಅಂಚಿಗೆ ಸಿಕ್ಕಿ ಜಜ್ಜದಂತೆ ನೋಡ್ಕಂಡ್ರೆ ಆಯ್ತು. ಮಾರ್ಬಲ್ ಕಟ್ಟರ್ ಉಲ್ಟಾ ಮಾಡಿ ಪ್ಲೈವುಡ್ ಕೆಳಗೆ ಬಿಗಿದು, ಲಾಕ್ ಬಟನ್ ಒತ್ತಿ ಟೇಪ್ ಸುತ್ತಿ, ಗೋಡೆ ಸ್ವಿಚ್ಚಲ್ಲಿ ಆನ್ ಆಫ್ ಮಾಡೋ ಪದ್ಧತಿ ನನಗೆ ಮೊದಲಿಂದಲೂ ಸೇರಲ್ಲ, ಆದ್ರೂ ಮಾಡೋರು ಮಾಡೇ ಮಾಡ್ತಾರೆ, ಅಂಥವ್ರು ಗೋಡೆ ಸ್ವಿಚ್ಚಿಗೂ ಕಟ್ಟರಿಗೂ ಮಧ್ಯ, ಮೇಜಿನ ಮುಂಭಾಗಕ್ಕೆ ಇದೇ ನೋ ವೋಲ್ಟ್ ಸ್ವಿಚ್ ಹಾಕಿ.

ಹಾಕಿ ಒಂದು ವಾರ ಆದ್ಮೇಲೆ ಒಂದ್ಸಲ ಪ್ಲಗ್ ಕಿತ್ತು ಟರ್ಮಿನಲ್ ಸ್ಕ್ರೂ ಮತ್ತೆ ಬಿಗಿ ಮಾಡಿ, ಹೊಸದರಲ್ಲಿ ತಾಮ್ರ ಒತ್ತಡಕ್ಕೆ ಕೂತು ಸ್ವಲ್ಪ ಸಡಿಲ ಆಗ್ತದೆ. ಆಮೇಲೆ ಮಳೆಗಾಲಕ್ಕೆ ಮುಂಚೆ ಒಂದ್ಸಲ, ಮುಗಿದ ಮೇಲೆ ಒಂದ್ಸಲ ಬಾಕ್ಸ್ ಬಿಚ್ಚಿ ಬ್ರಷ್ ಹೊಡೀರಿ. ಕಂಪ್ರೆಸರ್ ಗಾಳಿ ಬಿಟ್ರೆ ಪುಡಿ ಕಾಂಟ್ಯಾಕ್ಟ್ ಒಳಗೇ ನುಗ್ತದೆ, ವ್ಯಾಕ್ಯೂಮ್ ಇದ್ರೆ ಎಳೆದು ತೆಗೀರಿ. ಸುಟ್ಟ ಹಳೇ ಸ್ವಿಚ್ಚನ್ನ ಮಾತ್ರ ಡಬ್ಬಿಗೆ ಹಾಕಿ ಇಡ್ಬೇಡಿ, ಇನ್ಯಾವತ್ತೋ ಅವಸರಕ್ಕೆ ಅದೇ ಕೈಗೆ ಸಿಗ್ತದೆ.